ಕೊಟ್ಟೆ ಕಟ್ಟಿದ ಸೈಕಲ್ಲು

ತೊಟ್.

ರಾತ್ರಿ ಒಂದೂವರೆಗೆ ಜಗಲಿಯಿಂದ ಬಂದದ್ದು ಇಷ್ಟೇ ಸದ್ದು. ಬೇರೆ ಯಾರೇ ಆಗಿದ್ದರೂ ಮಗ್ಗುಲು ಬದಲಿಸಿ ನಿದ್ದೆ ಮುಂದುವರಿಸುತ್ತಿದ್ದರು. ಕಾಂತೇಶ ಎದ್ದು ಕುಳಿತ. ಸ್ವಲ್ಪ ಹೊತ್ತಿಗೆ ಮತ್ತೆ, ತೊಟ್.

"ಶ್ವೇತಾ, ಏಳೇ. ಬ್ಯಾಟರಿ ಮೇಲೆ ನೀರು ಬೀಳ್ತಿದೆ!"

"ಬೀಳ್ಲಿ ಬಿಡಿ. ಪಾಪ, ಬಾಯಾರಿರತ್ತೆ," ಎಂದು ಹೆಂಡತಿ ಹೊದಿಕೆಯೊಳಗಿಂದಲೇ ಹೇಳಿದಳು.

ಕಾಂತೇಶ ಮೊಬೈಲಿನ ಬೆಳಕು ಹಿಡಿದು ಜಗಲಿಗೆ ಓಡಿದ. ಅಲ್ಲಿ ಅವನ ಎಲೆಕ್ಟ್ರಿಕ್ ಸೈಕಲ್ಲು ಚಾರ್ಜಿಗೆ ನಿಂತಿತ್ತು. ಬ್ಯಾಟರಿ ಇಟ್ಟಿದ್ದ ಡಬ್ಬದ ಮುಚ್ಚಳದ ಮೇಲೆ ನಾಲ್ಕೈದು ಹನಿ ನೀರು ಹೊಳೆಯುತ್ತಿತ್ತು. ಮಾಡು ಸೋರುತ್ತಿದೆ ಎಂದುಕೊಂಡು ಅವನು ಚಾರ್ಜರ್ ಕಿತ್ತು, ಸೈಕಲ್ಲನ್ನು ಗೋಡೆಯ ಕಡೆ ಸರಿಸಿ, ಮುಚ್ಚಳವನ್ನು ತನ್ನ ಬನಿಯನ್ನಿನಿಂದಲೇ ಒರೆಸಿ, ಬೆಳಗಿನವರೆಗೂ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕುಳಿತ. ಒಮ್ಮೆ ತಲೆಯೆತ್ತಿ ನೋಡಿದ್ದರೆ ಮಾಡಿನ ತೊಲೆಯ ಮೊಳೆಗೆ ತೂಗುಹಾಕಿದ್ದ ತನ್ನದೇ ಒದ್ದೆ ರೇನ್‌ಕೋಟು ಕಾಣುತ್ತಿತ್ತು. ಮರುದಿನದ ರಗಳೆ ಅಲ್ಲಿಗೇ ಮುಗಿದುಹೋಗುತ್ತಿತ್ತು.

ಕಾಂತೇಶನ ಮನೆ ಕೊಪ್ಪದಲ್ಲಿ; ಪಕ್ಕದ ಬಾಳಗಡಿಯ ಕಾಲೇಜೊಂದರಲ್ಲಿ ಅವನು ಗ್ರಂಥಾಲಯ ಸಹಾಯಕ. ಇಪ್ಪತ್ತು ವರ್ಷದಿಂದ ಬೇರೆಯವರು ಬರೆದದ್ದನ್ನು ಸಾಲಾಗಿ ಜೋಡಿಸಿಟ್ಟವನಿಗೆ ತಾನೇ ಒಂದು ವಸ್ತುವನ್ನು ಮಾಡಿ ನಿಲ್ಲಿಸಿದ್ದು ಇದೇ ಮೊದಲು. ಮೋಟರಿದ್ದ ಚಕ್ರ, ಕಂಟ್ರೋಲರು, ಬ್ಯಾಟರಿ ಎಲ್ಲ ಕೊರಿಯರಿನಲ್ಲಿ ಬಂದಿದ್ದವು. ಅರ್ಧ ವಿದ್ಯೆಯನ್ನು ಮೊಬೈಲಿನ ವಿಡಿಯೋ ನೋಡಿ ಕಲಿತ, ಉಳಿದರ್ಧವನ್ನು ತಪ್ಪು ಮಾಡಿ ಕಲಿತ. ಮೊದಲ ದಿನ ವೈರು ಅದಲುಬದಲಾಗಿ ಚಕ್ರ ಹಿಂದಕ್ಕೆ ತಿರುಗಿ, ಸೈಕಲ್ಲು ಹೆದರಿದ ಏಡಿಯ ಹಾಗೆ ಹಿಮ್ಮೆಟ್ಟಿ ಮನೆಯ ಯಜಮಾನಿ ಕಲ್ಲಮ್ಮನ ಬಟ್ಟೆ ಒಗೆಯುವ ಕಲ್ಲಿಗೆ ಗುದ್ದಿತ್ತು. ಆಮೇಲೆ ಅವನು ಪ್ರತಿ ವೈರಿಗೂ ಪುಸ್ತಕದ ಬೆನ್ನಿಗೆ ಅಂಟಿಸುವ ನಂಬರಿನ ಚೀಟಿ ಅಂಟಿಸಿದ. ಚಕ್ರದ ಅಚ್ಚು ತಿರುಗಿ ಹೋಗದಂತೆ ಹಳೆಯ ಸ್ಪ್ಯಾನರ್ ಕೊಯ್ಯಿಸಿ ಬಿಗಿದ. ಬ್ರೇಕ್ ಹಿಡಿದ ಕೂಡಲೇ ಮೋಟರು ನಿಲ್ಲುವ ಹಾಗೆ ಮಾಡಿದ. ಕೊನೆಗೆ ಸೈಕಲ್ಲು 'ಗುಂಯ್' ಎಂದು ಮುಂದಕ್ಕೇ ಹೋದ ಸಂಜೆ ಅವನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಎರಡನೇ ಗುಂಡಿ ಕಿತ್ತುಬಂತು. ಅದು ಮೊದಲೇ ಸಡಿಲವಾಗಿತ್ತು ಎನ್ನುವುದು ಶ್ವೇತಳ ಹೇಳಿಕೆ.

ಸೈಕಲ್ಲು ಮೂಲತಃ ಅವನ ಮಾವ ವೃಷಭೇಂದ್ರಪ್ಪನವರದು. ನರಸಿಂಹರಾಜಪುರದ ಅವರ ಮನೆಯ ಸೌದೆಕೊಟ್ಟಿಗೆಯಲ್ಲಿ ಕೋಳಿಗಳಿಗೂ ಬೇಡವಾಗಿ ಬಿದ್ದಿತ್ತು. ಯುಗಾದಿಗೆ ಹೋದಾಗ ಕಾಂತೇಶ ಅದನ್ನು ಕೇಳಿ ಪಡೆದಿದ್ದ.

"ಎಂತ ಮಾಡ್ತೀರಿ ಅದನ್ನ?" ಎಂದಿದ್ದರು ಮಾವ.

"ಬ್ಯಾಟರಿ ಹಾಕ್ತೀನಿ ಮಾವ. ಓಡಿಸ್ಕೊಂಡು ನಿಮ್ಮ ಅಂಗಳಕ್ಕೇ ಬರ್ತೀನಿ."

ಷಡ್ಡಕ ಉಮಾಮಹೇಶ್ವರ ಹೋಳಿಗೆ ಬಾಯಲ್ಲಿದ್ದಾಗಲೇ ನಕ್ಕು ಕೆಮ್ಮಿದ್ದ. ಅವನು ಶೋರೂಮಿನಿಂದ ಹೊಸ ಎಲೆಕ್ಟ್ರಿಕ್ ಸ್ಕೂಟರ್ ತಂದು ವಾರವಾಗಿತ್ತಷ್ಟೆ. ಮಾವ ಮಾತ್ರ ಗಂಭೀರವಾಗಿ, ಪಂಚಾಯಿತಿ ತೀರ್ಪು ಕೊಡುವವರಂತೆ ಬೆರಳೆತ್ತಿ ಹೇಳಿದ್ದರು: "ನೋಡಿ ಅಳಿಯಂದ್ರೆ, ನಡುದಾರೀಲಿ ನಿಂತ್ರೆ ಆ ಗುಜರಿ ನಿಮ್ದೇ. ನೀವೇ ಇಟ್ಕೊಳ್ಳಿ, ನನ್ನ ಕಣ್ಣಿಗೆ ತೋರಿಸ್ಬೇಡಿ. ನನ್ನ ಅಂಗಳದವರೆಗೂ ಬಂತು ಅಂದ್ರೆ ಮಾತ್ರ ಅದು ಸೈಕಲ್ಲು, ವೃಷಭೇಂದ್ರಪ್ಪನ ಸೈಕಲ್ಲು!"

ಮನೆಯವರೆಲ್ಲ ನಕ್ಕಿದ್ದರು. ಕಾಂತೇಶನಿಗೆ ಅದರಲ್ಲಿ ಕೇಳಿಸಿದ್ದು 'ಗುಜರಿ' ಎಂಬ ಒಂದೇ ಶಬ್ದ.

ಈಗ ಆ ದಿನ ಬಂದಿತ್ತು. ಭಾನುವಾರ, ಉಮಾಮಹೇಶ್ವರನ ಮಗುವಿನ ತೊಟ್ಟಿಲು ಶಾಸ್ತ್ರ ಮಾವನ ಮನೆಯಲ್ಲಿ. ನೆಂಟರಿಷ್ಟರು ಅರವತ್ತು ಎಪ್ಪತ್ತು ಜನ. ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದಾರಿ. ಇವತ್ತು ತಲುಪದಿದ್ದರೆ ಇನ್ನು ಯಾವ ಹಬ್ಬಕ್ಕೂ ಆ ಮನೆಯಲ್ಲಿ ತಲೆಯೆತ್ತಿ ಊಟ ಮಾಡುವ ಹಾಗಿರಲಿಲ್ಲ.

ಶ್ವೇತ ಬೆಳಗಿನ ಬಸ್ಸಿಗೇ ಹೊರಟಳು.

"ಜೊತೆಗೆ ಬರಲ್ವಾ? ಹಿಂದೆ ಸೀಟು ಹಾಕ್ಸಿದೀನಲ್ಲೆ," ಎಂದ ಕಾಂತೇಶ.

"ಬೇಡ ರೀ. ಇಬ್ಬರಲ್ಲಿ ಒಬ್ರಾದ್ರೂ ಊಟದ ಹೊತ್ತಿಗೆ ತಲುಪ್ಬೇಕಲ್ಲ," ಎಂದಳು. ಹೇಳಿದ ಮೇಲೆ ಅವನ ಮುಖ ನೋಡಿ, ತಿರುಗಿ ಬಂದು ಸೈಕಲ್ಲಿನ ಗಂಟೆಯನ್ನು ಸೆರಗಿನಲ್ಲಿ ಒರೆಸಿ ಹೋದಳು.

ಹೊರಡುವ ಮೊದಲು ಸೋರುವ ಮಾಡಿನ ವಿಷಯವನ್ನು ಕಲ್ಲಮ್ಮನಿಗೆ ಹೇಳಿದ್ದೇ ತಪ್ಪಾಯಿತು. "ನನ್ ಮಾಡು ಸೋರೂದಿಲ್ಲ ಮಾರಾಯ, ನಿನ್ ಬ್ಯಾಟ್ರಿನೇ ಬೆವರ್ತದೆ!" ಎಂದು ಅವರು ಗಲಾಟೆ ಎಬ್ಬಿಸಿದರು. ಆ ಗಲಾಟೆಗೆ ಪಕ್ಕದ ಮನೆಯ ಧರ್ಮಪ್ಪ ಬಂದ. ಧರ್ಮಪ್ಪನ ಕಸುಬು ಅಡಿಕೆಗೊನೆಗೆ ಕೊಟ್ಟೆ ಕಟ್ಟುವುದು. ಮಳೆನೀರು ತಾಗಿ ಕಾಯಿ ಕೊಳೆಯಬಾರದೆಂದು ಮರ ಹತ್ತಿ ಗೊನೆಗೆ ಪ್ಲಾಸ್ಟಿಕ್ ಹೊದಿಸಿ ಕಟ್ಟುವ ಕೆಲಸದಲ್ಲಿ ಅವನಿಗೆ ಸುತ್ತ ಹತ್ತೂರಲ್ಲಿ ಸರಿಸಾಟಿ ಇಲ್ಲ ಎಂದು ಅವನೇ ಹೇಳುತ್ತಿದ್ದ.

"ನೀರು ಬಿತ್ತನಾ ಇದ್ರ ಮೇಲೆ? ತಡಿ, ತಡಿ. ಕೊಟ್ಟೆ ಕಟ್ಟಿ ಕೊಡ್ತೆ," ಎಂದ ಧರ್ಮಪ್ಪ.

"ಬಿಸಿಲು ಬಂದಿದೆಯಲ್ಲ ಧರ್ಮಣ್ಣ?"

"ನಮ್ಮೂರಿನ ಬಿಸ್ಲನ್ನ ನಂಬ್ತೀಯನಾ? ಇಲ್ಲಿ ಬಿಸ್ಲು, ಆ ತಿರುವಿನಾಚೆ ಹೊಡೀತದೆ ಮಳೆ. ನೀರು ಹೋಗ್ಬಾರ್ದು ಅಂದ್ರೆ ಗಾಳಿನೂ ಹೋಗ್ಬಾರ್ದು, ಇದು ನಮ್ಮ ಕಸುಬಿನ ಲೆಕ್ಕ."

ಕಾಂತೇಶನಿಗೆ ರಾತ್ರಿಯ 'ತೊಟ್' ನೆನಪಾಗಿ ಮೈ ಜುಮ್ಮೆಂದಿತು. ಧರ್ಮಪ್ಪ ಡಬ್ಬಕ್ಕೂ ಕಂಟ್ರೋಲರಿಗೂ ಸೇರಿಸಿ ಎರಡು ಪದರ ಪ್ಲಾಸ್ಟಿಕ್ ಹೊದಿಸಿ, ಅಡಿಯಲ್ಲಿ ಜುಟ್ಟು ಹಿಡಿದು, ದಾರ ಸುತ್ತಿ, ಕಾಲು ಕೊಟ್ಟು ಎಳೆದು ಬಿಗಿದ. ಸೈಕಲ್ಲು ಈಗ ಹೊಟ್ಟೆ ತುಂಬಿದ ಹಸುಗೂಸಿನಂತೆ ಕಾಣುತ್ತಿತ್ತು.

"ಈಗ ಹೊಳೆಗೆ ಬಿದ್ರೂ ಎಂತದೂ ಆಗೂದಿಲ್ಲ," ಎಂದು ಧರ್ಮಪ್ಪ ಹರಸಿದ.

ಅವತ್ತು ದಾರಿಯುದ್ದಕ್ಕೂ ಒಂದು ಹನಿ ಮಳೆ ಬೀಳಲಿಲ್ಲ.

ಮೊದಲ ಹತ್ತು ಕಿಲೋಮೀಟರ್ ಕಾಂತೇಶ ನಡೆಸಿದ್ದು ಸವಾರಿಯಲ್ಲ, ಮೆರವಣಿಗೆ. ಬಿಸಿಲು ಬೆನ್ನು ಕಾಯಿಸುತ್ತಿತ್ತು, ಚಕ್ರ ಜೇನಿನಂತೆ ಗುನುಗುತ್ತಿತ್ತು. ಏರು ಬಂದರೂ ತುಳಿಯುವ ಮಾತಿಲ್ಲ. ಬೇಕೆಂದೇ ಎರಡು ಕಾಲನ್ನೂ ಪೆಡಲಿನಿಂದ ಎತ್ತಿ ಹಿಡಿದ, ನೋಡುವವರಿಗೆ ಅನುಮಾನ ಉಳಿಯಬಾರದಲ್ಲ! ಒಂದು ಟ್ರ್ಯಾಕ್ಟರನ್ನು ಹಿಂದೆ ಹಾಕಿದ. ಟ್ರ್ಯಾಕ್ಟರಿನವನು ಬೀಡಿ ಹಚ್ಚಲು ನಿಂತಿದ್ದ ಎನ್ನುವುದು ಬೇರೆ ಮಾತು. ಕಾಂತೇಶ ಮನಸ್ಸಿನಲ್ಲೇ ಮಾವನ ಅಂಗಳ ಹೊಕ್ಕು, ಒಂದು ಸುತ್ತು ಹೊಡೆದು, ಉಮಾಮಹೇಶ್ವರನ ಸ್ಕೂಟರಿನ ಪಕ್ಕದಲ್ಲೇ ಸ್ಟ್ಯಾಂಡ್ ಹಾಕಿಯೂ ಆಗಿತ್ತು.

ಆಮೇಲೆ ಉದ್ದನೆಯ ಏರು ಬಂತು. ಅರ್ಧ ಹತ್ತುವಷ್ಟರಲ್ಲಿ ಗುನುಗು ಸಣ್ಣದಾಯಿತು. ಮುಕ್ಕಾಲು ಹತ್ತುವಷ್ಟರಲ್ಲಿ ನಿಂತೇಹೋಯಿತು. ಹ್ಯಾಂಡಲಿನ ಮೇಲಿನ ನಾಲ್ಕು ದೀಪವೂ ಆರಿದವು.

ಕಾಂತೇಶ ಇಳಿದು ಪ್ಲಾಸ್ಟಿಕ್ಕಿನ ಮೇಲಿಂದಲೇ ಡಬ್ಬ ಮುಟ್ಟಿ ನೋಡಿದ. ಆಗತಾನೇ ಹಬೆಯಿಂದ ಇಳಿಸಿದ ಕಡುಬಿನಂತೆ ಸುಡುತ್ತಿತ್ತು. ಚಾರ್ಜ್ ಪೂರಾ ಆಗಿರಲಿಲ್ಲವೇನೋ, ರಾತ್ರಿ ಕಿತ್ತದ್ದೇ ತಪ್ಪಾಯಿತೇನೋ ಎಂದು ಚಡಪಡಿಸಿದ. ಬಿಚ್ಚಿ ನೋಡೋಣವೆಂದರೆ ಧರ್ಮಪ್ಪನ ಗಂಟು ಬಿಚ್ಚಲು ಧರ್ಮಪ್ಪನೇ ಬೇಕಿತ್ತು.

ಏರಿನ ಮೇಲೊಂದು ಚಹದಂಗಡಿ. ಬೆಂಚಿನಲ್ಲಿ ಕುಳಿತಿದ್ದ ಮೂವರು ಲೋಟ ಹಿಡಿದುಕೊಂಡೇ ಇಳಿದು ಬಂದರು.

"ಪೆಟ್ರೋಲ್ ಖಾಲಿಯಾ?" ಎಂದ ಮೊದಲನೆಯವನು.

"ಇದು ಪೆಟ್ರೋಲ್ ಗಾಡಿ ಅಲ್ಲ."

"ಅದೇ ಮತ್ತೆ, ಹಾಕದಿದ್ರೆ ಹೆಂಗೆ ಓಡ್ತದೆ?"

ಎರಡನೆಯವನು ಬಗ್ಗಿ ನೋಡಿದ. "ಅಡಿಕೆ ಸಾಗಿಸ್ತಿದೀರಾ? ಕೊಟ್ಟೆ ಸಮೇತ ಗೊನೆ ಇಳಿಸಿದ್ದು ಇವತ್ತೇ ನೋಡಿದ್ದು ನಾನು."

ಮೂರನೆಯವನು ಅನುಭವಸ್ಥ. "ನಮ್ಮ ಟಿವಿ ನಿಂತಾಗ ಎರಡು ಕೊಡ್ತೀವಿ," ಎಂದು ಹೇಳುತ್ತಲೇ ಸೀಟಿನ ಮೇಲೆ ಎರಡು ಕೊಟ್ಟ. ಸೀಟು ಬಾಗಿತು.

ಅಷ್ಟರಲ್ಲಿ ಫೋನು ಬಂತು. ಉಮಾಮಹೇಶ್ವರ.

"ಅಣ್ಣಾ, ಎಲ್ಲಿದೀರಿ? ಬೇಕಾದ್ರೆ ಹೇಳಿ, ಸ್ಕೂಟರಿಗೆ ಹಗ್ಗ ಕಟ್ಟಿ ಎಳ್ಕೊಂಡು ಬರ್ತೀನಿ. ಮುಜುಗರ ಮಾಡ್ಕೋಬೇಡಿ."

ಕಾಂತೇಶ ಫೋನಿಗೆ ಬಾಯಿಟ್ಟು ಉಫ್ ಉಫ್ ಎಂದು ಊದಿದ. "ಏನೂ ಕೇಳಿಸ್ತಿಲ್ಲ ಮಾರಾಯ! ಸ್ಪೀಡಲ್ಲಿದೀನಿ, ಗಾಳಿ ಜಾಸ್ತಿ!"

ಮೂವರೂ ಚಹ ಕುಡಿಯುವುದನ್ನು ಮರೆತು ಅವನನ್ನೇ ನೋಡಿದರು.

ಆ ಹೊತ್ತಿಗೆ ಏರಿನಲ್ಲಿ ಉಬ್ಬಸಪಡುತ್ತ ಒಂದು ಪಿಕಪ್ ಬಂತು. ಕೊಪ್ಪದಲ್ಲಿ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಕಮಾಲುದ್ದೀನ್ ಸಾಹೇಬರದು. ಕಾಲೇಜಿನ ವಾರ್ಷಿಕೋತ್ಸವಕ್ಕೆಲ್ಲ ಅವರದೇ ಪೆಂಡಾಲು, ಹಾಗಾಗಿ ಕಾಂತೇಶನ ಗುರುತಿತ್ತು.

"ಏನ್ ಲೈಬ್ರರಿ ಸಾರ್, ರಸ್ತೆ ಮೇಲೆ ಎಕ್ಸಿಬಿಷನ್ನಾ?" ಎಂದು ಕಮಾಲುದ್ದೀನ್ ತಲೆ ಹೊರಹಾಕಿದರು. "ಎಲ್ಲಿಗೆ?"

"ಎನ್.ಆರ್. ಪುರ."

"ನಾನೂ ಅಲ್ಲಿಗೇ. ಹತ್ತಿ ಸಾರ್. ಮುಂದೆ ಹುಡುಗ್ರು ಕೂತಿದಾರೆ, ಹಿಂದೆ ಅಡ್ಜಸ್ಟ್ ಮಾಡ್ಕೊಳ್ಳಿ."

ಕಾಂತೇಶ ಸೈಕಲ್ಲನ್ನು ನೋಡಿದ. ಅಂಗಳದಲ್ಲಿ ಬೆರಳೆತ್ತಿ ನಿಂತ ಮಾವನನ್ನು ನೆನೆದ. ಹಗ್ಗ ಹಿಡಿದ ಉಮಾಮಹೇಶ್ವರನನ್ನು ನೆನೆದ. ಆಮೇಲೆ ಹತ್ತಿದ.

ಸೈಕಲ್ಲು ಅನ್ನದ ಹಂಡೆಗಳ ನಡುವೆ ಮಲಗಿತು. ಕಾಂತೇಶ ಕುರ್ಚಿಗಳ ಸಂದಿಯಲ್ಲಿ ಕುಕ್ಕರಗಾಲಲ್ಲಿ ಕುಳಿತ. ಎದುರಿಂದ ಗುರುತಿನವರು ಯಾರಾದರೂ ಬಂದರೆ ಎಂಬ ಭಯಕ್ಕೆ, ಮಡಚಿಟ್ಟ ಶಾಮಿಯಾನದ ಬಟ್ಟೆಯನ್ನು ತಲೆಯ ಮೇಲೆ ಎಳೆದುಕೊಂಡ. ಕೆಂಪು ಬಟ್ಟೆ, ಅಂಚಿಗೆ ಬಂಗಾರದ ಬಣ್ಣದ ಸಣ್ಣ ಸಣ್ಣ ಗೊಂಡೆಗಳು. ಅದರೊಳಗೆ ಅವನು ತನಗೇ ಸಂಕೋಚದ ಮದುಮಗಳಂತೆ ಕಂಡ.

ಊರು ಒಂದು ಕಿಲೋಮೀಟರ್ ಇರುವಾಗ ಹಂಡೆಯನ್ನು ಬಡಿದ. "ಇಲ್ಲೇ ಇಳಿಸಿ ಸಾಹೇಬ್ರೆ!"

"ಮನೆ ಬಾಗಿಲಿಗೇ ಬಿಡ್ತೀನಿ, ಸಾರ್."

"ಬೇಡ, ಬೇಡ!"

"ಯಾಕೆ?"

"ಡಾಕ್ಟ್ರು... ವ್ಯಾಯಾಮ ಹೇಳಿದಾರೆ."

ಕಮಾಲುದ್ದೀನ್ ಅವನ ಮುಖ ನೋಡಿದರು, ಸೈಕಲ್ಲು ನೋಡಿದರು. "ಆಯ್ತು ಸಾರ್. ನಾವು ಇಲ್ಲೊಂದು ಚಹ ಕುಡಿದು ಬರ್ತೀವಿ," ಎಂದರು.

ಗಾಳಿಯಲ್ಲಿ ಬಂದ ಡಬ್ಬ ತಣ್ಣಗಾಗಿತ್ತು. ಆಸೆಯಿಲ್ಲದೆ ಕಾಂತೇಶ ಸ್ವಿಚ್ ಒತ್ತಿದ. ನಾಲ್ಕರಲ್ಲಿ ಮೂರು ದೀಪ ಹೊತ್ತಿದವು. ಹ್ಯಾಂಡಲ್ ತಿರುಚಿದರೆ, ಗುಂಯ್!

ಸಂತೋಷದಲ್ಲಿ ಅವನು ಯಾಕೆ, ಹೇಗೆ ಎಂದೂ ಯೋಚಿಸಲಿಲ್ಲ. ಮಾವನ ಅಂಗಳಕ್ಕೆ ಕಾಲೆತ್ತಿಕೊಂಡೇ ನುಗ್ಗಿದ. ತಲೆ ತಗ್ಗಿಸಿ ಹೂ ಕಟ್ಟುತ್ತಿದ್ದವರು ಎದ್ದು ನಿಂತರು. ಮಕ್ಕಳು ಹೋ ಎಂದರು. ಅವನು ಗಂಟೆ ಬಾರಿಸುತ್ತ ಒಂದು ಸುತ್ತು ಹೊಡೆದು, ನಿಜವಾಗಿಯೂ, ಉಮಾಮಹೇಶ್ವರನ ಸ್ಕೂಟರಿನ ಪಕ್ಕದಲ್ಲೇ ಸ್ಟ್ಯಾಂಡ್ ಹಾಕಿದ.

ಎಲ್ಲರಿಗಿಂತ ಮೊದಲು ಓಡಿಬಂದವಳು ಶ್ವೇತ. ಹತ್ತಿರ ನಿಂತು, ಅವನ ಕಾಲರನ್ನು ಸರಿಮಾಡಿ, ಬೆನ್ನ ಮೇಲೊಮ್ಮೆ ಕೈಯಾಡಿಸಿದಳು. ಹನ್ನೊಂದು ವರ್ಷದ ಸಂಸಾರದಲ್ಲಿ ನೆಂಟರ ಎದುರು ಹಾಗೆ ಮಾಡಿದ್ದು ಅದೇ ಮೊದಲು. ಕಾಂತೇಶನಿಗೆ ಕಣ್ಣು ತೇವವಾಯಿತು.

"ಬಂದೇಬಿಟ್ರಲ್ಲ!" ಎಂದರು ವೃಷಭೇಂದ್ರಪ್ಪ, ಕೈ ಹಿಂದೆ ಕಟ್ಟಿ ಸೈಕಲ್ಲಿಗೆ ಸುತ್ತು ಬರುತ್ತ. "ಪೂರಾ ದಾರಿ ಇದ್ರಲ್ಲೇನಾ?"

"ಬಂದೆ ಮಾವ," ಎಂದ ಕಾಂತೇಶ. ಪೂರಾ ಸುಳ್ಳೂ ಅಲ್ಲ.

"ಅಣ್ಣ, ಆ ಏರಲ್ಲಿ ನನ್ ಸ್ಕೂಟ್ರೇ ತಿಣುಕತ್ತೆ," ಎಂದು ಉಮಾಮಹೇಶ್ವರ ಕಣ್ಣು ಕಿರಿದು ಮಾಡಿದ. "ನಿಜ ಹೇಳಿ, ಎಲ್ಲೂ ನಿಲ್ಲಲಿಲ್ವಾ?"

ಕಾಂತೇಶ ಬಗ್ಗಿ ಸ್ಟ್ಯಾಂಡನ್ನು ಮತ್ತೊಮ್ಮೆ ಸರಿಮಾಡುತ್ತಿರುವಾಗ ಅಂಗಳಕ್ಕೊಂದು ಪಿಕಪ್ ತಿರುಗಿತು. ಅದರಲ್ಲಿ ಕುರ್ಚಿ, ಹಂಡೆ, ಕೆಂಪು ಶಾಮಿಯಾನ. ಶಾಸ್ತ್ರಕ್ಕೆ ಸಾಮಾನು ಬಾಡಿಗೆಗೆ ಹೇಳಿದ್ದು ಕೊಪ್ಪದ ಕಮಾಲುದ್ದೀನ್ ಸಾಹೇಬರಿಗೇ! ಎರಡು ಊರಿನ ನಡುವೆ ಅಷ್ಟು ದೂರ ಜೊತೆಗೆ ಬಂದರೂ ಯಾರ ಮನೆಗೆ ಎಂದು ಒಂದು ಮಾತು ಕೇಳಬೇಡವೇ? ಕಾಂತೇಶ ಮೆಲ್ಲಗೆ ಸೈಕಲ್ಲಿನ ಹಿಂದೆ ಸರಿದು ನಿಂತ.

ಕಮಾಲುದ್ದೀನ್ ಇಳಿದು ಮುಂಡಾಸು ಸರಿಮಾಡಿಕೊಂಡರು. ಗುಂಪು ನೋಡಿದರು, ಸೈಕಲ್ಲು ನೋಡಿದರು, ಬಿಳುಚಿಕೊಂಡ ಕಾಂತೇಶನನ್ನು ನೋಡಿದರು. ಲೋಕದಲ್ಲಿ ಸಾವಿರ ಮದುವೆ ನೋಡಿದ ಮನುಷ್ಯ. ಒಂದು ಕ್ಷಣ ಸಾಕಾಯಿತು.

"ಅರೆ, ಈ ಸಾರ್ ಇಲ್ಲಿದಾರೆ!" ಎಂದು ಎರಡೂ ಕೈ ಎತ್ತಿದರು. "ವೃಷಭೇಂದ್ರಪ್ಪೋರೆ, ಇವ್ರು ನಿಮ್ ಕಡೆಯವ್ರಾ? ಏರಲ್ಲಿ ನಮ್ ಪಿಕಪ್ಪನ್ನೇ ಓವರ್‌ಟೇಕ್ ಮಾಡಿ ಬಂದ್ರು, ಮಾರಾಯ್ರೆ! ನಮ್ ಹುಡುಗ್ರು ಶಿಳ್ಳೆ ಹೊಡೆದ್ರು. ಹೌದನಾ ಮುಷರಫ್?"

"ಹೌದೌದು," ಎಂದ ಮುಷರಫ್, ಹಂಡೆಯೊಳಗೆ ಮುಖ ಹಾಕಿ.

ಕಾಂತೇಶನಿಗೆ ಹೋದ ಜೀವ ಬಂತು. ಅವನು ಕಮಾಲುದ್ದೀನ್ ಅವರ ಕಡೆ ನೋಡಿದ ನೋಟದಲ್ಲಿ ಒಂದಿಡೀ ಕೃತಜ್ಞತಾ ಸಮಾರಂಭವಿತ್ತು.

ಆದರೆ ವೃಷಭೇಂದ್ರಪ್ಪನವರ ಮುಖದಲ್ಲಿ ಬೇರೇನೋ ನಡೆಯುತ್ತಿತ್ತು. ಅವರು ಒಳಗೆ ಹೋಗಿ ವಿಭೂತಿಗಟ್ಟಿ ತಂದು ಸೈಕಲ್ಲಿನ ದೀಪದ ಮೇಲೆ ಮೂರು ಗೆರೆ ಎಳೆದರು. ಪಂಚೆ ಮೇಲೆತ್ತಿ ಕಟ್ಟಿ, ಹತ್ತಿ ಕೂತು, ಹ್ಯಾಂಡಲ್ ತಿರುಚಿದರು. ಎಪ್ಪತ್ತರ ಮುದುಕರು ಗುಂಯ್ ಎಂದು ಅಂಗಳ ಸುತ್ತಿದರು. ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕರು.

"ಮದ್ವೆ ಆದ ಹೊಸದ್ರಲ್ಲಿ ಇದ್ರ ಹಿಂದೆ ಕೂರಿಸ್ಕೊಂಡೇ ನನ್ನ ಈ ಮನೆಗೆ ಕರ್ಕೊಂಡು ಬಂದಿದ್ರು," ಎಂದರು ಅತ್ತೆ ಅನ್ನಪೂರ್ಣಮ್ಮ, ತಮ್ಮಷ್ಟಕ್ಕೆ ಎಂಬಂತೆ.

ಮಾವ ಇಳಿದು ಬೆರಳೆತ್ತಿದರು. ಯುಗಾದಿಯ ಅದೇ ಬೆರಳು.

"ಮಾತು ಅಂದ್ರೆ ಮಾತು. ಏನಂದಿದ್ದೆ ನಾನು ಅವತ್ತು? ನಡುದಾರೀಲಿ ನಿಂತ್ರೆ ಅಳಿಯಂದ್ರದ್ದು. ಅಂಗಳಕ್ಕೆ ಬಂದ್ರೆ?"

"ವೃಷಭೇಂದ್ರಪ್ಪನ ಸೈಕಲ್ಲು!" ಎಂದು ಉಮಾಮಹೇಶ್ವರ ಇಡೀ ದಿನದಲ್ಲಿ ಮೊದಲ ಬಾರಿ ಹಿಗ್ಗಿನಿಂದ ಕೂಗಿದ. "ನಾನೇ ಸಾಕ್ಷಿ, ಮಾವ!"

"ನಾಳೆಯಿಂದ ಸೊಸೈಟಿಗೆ, ಪೇಟೆಗೆ, ಮಠಕ್ಕೆ ಎಲ್ಲ ಇದ್ರಲ್ಲೇ. ಇನ್ನು ಯಾರ ಬೈಕಿನ ಹಿಂದೆ ಕೂರೋ ಹಂಗೂ ಇಲ್ಲ!"

ಕಾಂತೇಶ ಬಾಯಿ ತೆರೆದ. ಒಂದೇ ಒಂದು ವಾಕ್ಯ ಸಾಕಿತ್ತು: 'ನಿಂತಿತ್ತು ಮಾವ, ಏರಲ್ಲಿ ನಿಂತಿತ್ತು.' ಅಷ್ಟು ಹೇಳಿದರೆ, ಅವರದೇ ತೀರ್ಪಿನ ಪ್ರಕಾರ, ಸೈಕಲ್ಲು ಅವನದು. ನಾಲ್ಕು ತಿಂಗಳ ರಾತ್ರಿ, ಸುಟ್ಟ ಬೆರಳು, ನಂಬರಿನ ಚೀಟಿ, ಎಲ್ಲ ಅವನ ಜಗಲಿಗೇ ವಾಪಸು ಬರುತ್ತಿತ್ತು.

ಆಗಲೇ ಮಾವ ಹೊಸದಾಗಿ ಬಂದ ನೆಂಟರೊಬ್ಬರ ತೋಳು ಹಿಡಿದೆಳೆದು ಹೇಳಿದರು: "ನೋಡಿ ಸ್ವಾಮಿ, ಇದು ಶೋರೂಮಿಂದಲ್ಲ. ನಮ್ಮಳಿಯ ಕಾಂತೇಶ ಕೈಯಾರೆ ಮಾಡಿದ್ದು!"

ಕಾಂತೇಶ ಬಾಯಿ ಮುಚ್ಚಿದ.

ಊಟವಾದ ಮೇಲೆ ಚಾರ್ಜ್ ಮಾಡುವುದು, ಟೈರಿಗೆ ಗಾಳಿ ನೋಡುವುದು, ಚೈನಿಗೆ ಎಣ್ಣೆ ಬಿಡುವುದು ಎಲ್ಲವನ್ನೂ ಮಾವನಿಗೆ ಹೇಳಿಕೊಟ್ಟ. ಮಾವ ಎಲ್ಲಕ್ಕಿಂತ ಮೆಚ್ಚಿದ್ದು ಕೊಟ್ಟೆಯನ್ನು. "ಇದು ನೋಡಿ ತಲೆ ಅಂದ್ರೆ! ನಮ್ಮನೇಲಿ ಪ್ಲಾಸ್ಟಿಕ್ ಇನ್ನೂ ಉಳಿದಿದೆ, ಮೇಲೆ ಇನ್ನೆರಡು ಸುತ್ತು ಕಟ್ತೀನಿ."

ಕಡುಬಿನಂತೆ ಸುಟ್ಟಿದ್ದ ಡಬ್ಬ, ಗಾಳಿಯಲ್ಲಿ ತಣ್ಣಗಾದ ಡಬ್ಬ ಕಾಂತೇಶನಿಗೆ ಒಟ್ಟಿಗೇ ನೆನಪಾದವು. ಬುದ್ಧಿ ಬಂದದ್ದೇ ಆಗ. ಸೈಕಲ್ಲಿಗೆ ರೋಗವೇನೂ ಇರಲಿಲ್ಲ, ಉಸಿರು ಕಟ್ಟಿತ್ತು ಅಷ್ಟೇ. ಅರ್ಧ ಗಂಟೆ ಕಾದಿದ್ದರೆ ಪಿಕಪ್ಪಿನ ಹಂಗೇ ಬೇಕಿರಲಿಲ್ಲ.

ಕೊಟ್ಟೆಯನ್ನು ಹಾಗೇ ಬಿಟ್ಟು ಹೋದರೆ? ಎರಡು ದಿನದಲ್ಲಿ ಮಾವ ಯಾವುದೋ ಏರಿನಲ್ಲಿ ನಿಲ್ಲುತ್ತಾರೆ. ನಡುದಾರಿಯಲ್ಲಿ ನಿಂತದ್ದು ಯಾರದು? ತೀರ್ಪು ಆಗಿಯೇ ಇತ್ತು.

ಅವನು ಅತ್ತೆಯ ಹತ್ತಿರ ಕತ್ತರಿ ಕೇಳಿ ತಂದು ಧರ್ಮಪ್ಪನ ಗಂಟನ್ನು ಕತ್ತರಿಸಿದ.

"ಅಯ್ಯೋ, ಯಾಕೆ?" ಎಂದರು ಮಾವ.

"ಗಾಳಿ ಬೇಕು ಮಾವ. ಮಳೆ ಬಂದ್ರೆ ಕೊಡೆ ಹಿಡಿಯೋ ಹಾಗೆ ಮೇಲಿಂದ ಮುಚ್ಚಿದ್ರೆ ಸಾಕು. ಬಿಗಿದು ಕಟ್ಟಿದ್ರೆ ಬಿಸಿಯಾಗಿ ನಿಂತುಹೋಗತ್ತೆ."

"ಹೌದಾ? ನಿಂತಿದ್ದು ನೋಡಿದ್ರಾ?"

"ಇಲ್ಲ, ಇಲ್ಲ. ಓದಿದ್ದು." ಗ್ರಂಥಾಲಯದವರಿಗೆ ಇರುವ ಅನುಕೂಲವೇ ಅದು.

ಪ್ಲಾಸ್ಟಿಕ್ಕನ್ನು ಮಡಚಿ ಜೇಬಿಗೆ ಹಾಕಿಕೊಂಡ. ತಾನು ಮಾಡಿದ ಸೈಕಲ್ಲು ಯಾರ ಕೈಯಲ್ಲೂ ದಾರಿಯಲ್ಲಿ ನಿಲ್ಲಬಾರದು.

ಸಂಜೆ ಗಂಡ ಹೆಂಡತಿ ಬಸ್ಸಿನಲ್ಲಿ ಕೊಪ್ಪಕ್ಕೆ ಹೊರಟರು. ಉದ್ದನೆಯ ಏರಿನ ನೆತ್ತಿಯ ಚಹದಂಗಡಿ ಹಿಂದೆ ಸರಿಯಿತು. ಬೆಳಿಗ್ಗಿನ ಮೂವರೂ ಬೆಂಚಿನಲ್ಲೇ ಇದ್ದರು. ಕಾಂತೇಶ ಕರವಸ್ತ್ರದಿಂದ ಮುಖ ಒರೆಸಿಕೊಳ್ಳತೊಡಗಿದ, ಅಂಗಡಿ ಮರೆಯಾಗುವವರೆಗೂ ಒರೆಸಿಕೊಂಡ.

"ಅಬ್ಬಾ, ಎಂಥ ಏರು ರೀ ಇದು," ಎಂದಳು ಶ್ವೇತ, ಹೊರಗೆ ನೋಡುತ್ತ. "ಹೆಂಗೆ ಹತ್ತಿತು?"

"ಹತ್ತಿತು," ಎಂದ ಕಾಂತೇಶ. "ಸ್ವಲ್ಪ ಏದುಸಿರು ಬಿಟ್ಟಿತು, ಅಷ್ಟೆ."

"ನೀವು ಮಾಡಿದ್ದಲ್ವಾ," ಎಂದಳು ಅವಳು. ಅವನು ಎದೆ ಉಬ್ಬಿಸಿ ಕುಳಿತ, ರಾತ್ರಿಯ ನಿದ್ದೆ ಬಾಕಿ ಇದ್ದುದರಿಂದ ಹಾಗೆ ಉಬ್ಬಿಸಿಕೊಂಡೇ ಅವಳ ಹೆಗಲಿಗೆ ಒರಗಿ ಗೊರಕೆ ಹೊಡೆಯತೊಡಗಿದ.

ಶ್ವೇತ ಮೆಲ್ಲಗೆ ಪರ್ಸ್ ತೆರೆದಳು. ಚಿಲ್ಲರೆಯ ನಡುವೆ ಬಂಗಾರದ ಬಣ್ಣದ ಒಂದು ಸಣ್ಣ ಗೊಂಡೆ. ಬೆಳಿಗ್ಗೆ ಗಂಟೆ ಬಾರಿಸುತ್ತ ಅಂಗಳ ಸುತ್ತುವಾಗ ಅದು ಗಂಡನ ಕಾಲರಿಗೆ ಸಿಕ್ಕಿಕೊಂಡು ಕುಣಿಯುತ್ತಿತ್ತು. ಅಪ್ಪ, ಉಮಾಮಹೇಶ್ವರ ಯಾರೂ ನೋಡುವ ಮೊದಲು ಅವಳು ಓಡಿದ್ದು ಅದಕ್ಕೆ. ಆಮೇಲೆ ಪಿಕಪ್ ಬಂದು ಶಾಮಿಯಾನ ಬಿಚ್ಚಿದಾಗ, ಅಂಚಿನಲ್ಲಿ ಒಂದು ಗೊಂಡೆಯ ಜಾಗ ಖಾಲಿ ಇದ್ದದ್ದನ್ನೂ ನೋಡಿದ್ದಳು.

ಅವಳು ಕಿಟಕಿಯಿಂದ ಕೈ ಹೊರಗೆ ಚಾಚಿ ಗೊಂಡೆಯನ್ನು ಏರಿನ ಇಳಿಜಾರಿಗೆ ಬಿಟ್ಟಳು. ಯಾರಿಗೂ ಹೇಳುವುದಿಲ್ಲ, ಎಂದುಕೊಂಡಳು. ಇವರಿಗೂ.